ಸೀಸದ ಪೆಟ್ರೋಲ್ ಕಾಲದ ಎಂಜಿನ್, ಈಗಿನ ಪೆಟ್ರೋಲ್: ಹೆಡ್ ಬಿಚ್ಚಿಸಲೇಬೇಕೇ?

ಹಳೇಚಕ್ರ:

ನಮಸ್ಕಾರ. ಗಾಡಿ ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್, 1098 ಸಿಸಿಯ ಎ-ಸೀರೀಸ್ ಎಂಜಿನ್, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ) 8.5ಕ್ಕೆ 1. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಎರಕದ ಕಬ್ಬಿಣದ್ದು, ಕಾರ್ಖಾನೆಯಿಂದ ಬಂದದ್ದೇ. ವಾಲ್ವ್ ಸೀಟುಗಳನ್ನು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚುಗಳನ್ನು, ಹೆಡ್‌ನ ಕಬ್ಬಿಣದಲ್ಲೇ ಕೊರೆದಿದ್ದಾರೆ, ಬೇರೆ ರಿಂಗ್ ಕೂರಿಸಿಲ್ಲ. ಕಾರ್ಬುರೇಟರ್ ಒಂದೇ, ಎಸ್‌ಯು ಎಚ್‌ಎಸ್2. ಸ್ಪಾರ್ಕ್ ಹಂಚುವುದು ಪಾಯಿಂಟ್ ಇರುವ ಲ್ಯೂಕಸ್ ಡಿಸ್ಟ್ರಿಬ್ಯೂಟರ್. ಹಾಕುತ್ತಿರುವುದು 95 ಆರ್‌ಒಎನ್ (ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಇ10 (ಶೇಕಡಾ 10ರವರೆಗೆ ಎಥನಾಲ್ ಬೆರೆಸಿದ) ಪೆಟ್ರೋಲ್.

ಏರುದಾರಿಯಲ್ಲಿ ಟಾಪ್ ಗೇರಿನಲ್ಲಿ ಎಳೆಸಿದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ) ಸದ್ದು ಬರುತ್ತದೆ. ಎಂಜಿನ್ ಬಿಸಿಯಿದ್ದಾಗ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಬೇಗ ಹಿಡಿಯುವುದಿಲ್ಲ. ಇದರ ಜೊತೆಗೆ ಸೀಸ ಇಲ್ಲದ ಪೆಟ್ರೋಲಿನಿಂದ ಎಕ್ಸಾಸ್ಟ್ ಸೀಟ್ ತಿಂದುಹೋಗುತ್ತದೆ, ಈಗಲೇ ಹೆಡ್ ಇಳಿಸಿ ಗಟ್ಟಿ ಸೀಟ್ ಹಾಕಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಬಾಟಲಿಯಲ್ಲಿ ಬರುವ ಸೀಸದ ಬದಲಿ ಸಾಕು ಎಂದು ಇನ್ನು ಕೆಲವರು. ಯಾವುದನ್ನು ಮೊದಲು ಮಾಡಬೇಕು?

ಟ್ಯಾಪೆಟ್‌ಲೆಕ್ಕ:

ಹೆಡ್ ಇಳಿಸುವ ಮಾತು ಆಮೇಲೆ. ಮೊದಲು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳು) ತೆಗೆದುಕೊಂಡು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದಿ, ಅಳೆಯಿರಿ. ಸೀಟ್ ತಿನ್ನುತ್ತಿದೆಯೇ ಇಲ್ಲವೇ ಎಂಬುದನ್ನು ಹೆಡ್ ಬಿಚ್ಚದೆ ಹೇಳುವುದು ಅದೊಂದೇ.

ಕಾರಣ ಹೀಗಿದೆ. ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಲು ಶುರುಮಾಡಿದ್ದು 1923ರಲ್ಲಿ, ಅದೂ ಆಕ್ಟೇನ್ ಏರಿಸುವುದಕ್ಕಾಗಿ. ಸೀಟಿಗೆ ಸಿಕ್ಕಿದ ರಕ್ಷಣೆ ಕೇಳದೆ ಬಂದ ಲಾಭ. ಉರಿದ ಸೀಸದ ಸಂಯುಕ್ತಗಳು ಎಕ್ಸಾಸ್ಟ್ ವಾಲ್ವಿನ ಮುಖಕ್ಕೂ ಸೀಟಿಗೂ ತೆಳ್ಳಗೆ ಹತ್ತಿಕೊಂಡು, ಕಬ್ಬಿಣಕ್ಕೆ ಉಕ್ಕು ನೇರವಾಗಿ ತಾಗದಂತೆ ತಡೆಯುತ್ತಿದ್ದವು. ಆ ಪದರ ಇಲ್ಲದಿದ್ದರೆ, ಎಂಜಿನ್ ಹೆಚ್ಚು ಭಾರದಲ್ಲಿ ಓಡುವಾಗ ಕೆಂಪಗೆ ಕಾದ ವಾಲ್ವ್ ಪ್ರತಿ ಬಡಿತಕ್ಕೂ ಸೀಟಿಗೆ ಕಣಕಣವಾಗಿ ಬೆಸೆದುಕೊಂಡು, ಮೇಲೇಳುವಾಗ ಕಿತ್ತುಕೊಂಡು ಬರುತ್ತದೆ. ಕಿತ್ತ ಕಬ್ಬಿಣ ಆಕ್ಸೈಡ್ ಆಗಿ ವಾಲ್ವಿನ ಮುಖದಲ್ಲಿ ನೆಟ್ಟುಕೊಂಡು ಸಾಣೆಕಲ್ಲಿನಂತೆ ಸೀಟನ್ನು ಉಜ್ಜುತ್ತದೆ. ಇನ್‌ಲೆಟ್ ವಾಲ್ವಿಗೆ ಈ ತೊಂದರೆ ಇಲ್ಲ, ತಣ್ಣನೆಯ ಮಿಶ್ರಣ ಅದನ್ನು ಸದಾ ತೊಳೆಯುತ್ತಿರುತ್ತದೆ.

ಸೀಟ್ ತಿಂದಷ್ಟೂ ವಾಲ್ವ್ ಹೆಡ್‌ನ ಒಳಕ್ಕೆ ಏರುತ್ತದೆ, ಅದರ ತುದಿ ರಾಕರಿಗೆ ಹತ್ತಿರವಾಗುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ರಾಕರ್ ಅಥವಾ ಟ್ಯಾಪೆಟ್ ಸವೆದರೆ ಗ್ಯಾಪ್ ಜಾಸ್ತಿಯಾಗುತ್ತದೆ, ಸೀಟ್ ಸವೆದರೆ ಕಡಿಮೆಯಾಗುತ್ತದೆ. ಹಾಗಾಗಿ ಟ್ಯಾಪೆಟ್ ಸದ್ದಿಲ್ಲದೆ ಓಡುತ್ತಿರುವ ಹಳೆಯ ಎಂಜಿನ್ನನ್ನು ಕಂಡು ಖುಷಿಪಡುವ ಮೊದಲು ಅಳೆದು ನೋಡುವುದು ಒಳ್ಳೆಯದು.

ಈ ಎಂಜಿನ್ನಿಗೆ ಗ್ಯಾಪ್ ತಣ್ಣಗಿರುವಾಗ 0.30 ಮಿ.ಮೀ. ರಾತ್ರಿಯಿಡೀ ನಿಂತ ಗಾಡಿಯಲ್ಲೇ ಅಳೆಯಿರಿ. ರೇಡಿಯೇಟರ್ ಕಡೆಯಿಂದ ವಾಲ್ವುಗಳನ್ನು 1ರಿಂದ 8ರವರೆಗೆ ಎಣಿಸಿ. 1, 4, 5, 8 ಎಕ್ಸಾಸ್ಟ್, ಉಳಿದವು ಇನ್‌ಲೆಟ್. ಒಂಬತ್ತರ ಲೆಕ್ಕ ನೆನಪಿಟ್ಟುಕೊಂಡರೆ ಸಾಕು: 8ನೇ ವಾಲ್ವ್ ಪೂರ್ತಿ ತೆರೆದಾಗ 1ನ್ನು ಅಳೆಯಬೇಕು, 6 ತೆರೆದಾಗ 3ನ್ನು, 4 ತೆರೆದಾಗ 5ನ್ನು. ಎರಡು ಸಂಖ್ಯೆ ಕೂಡಿದರೆ ಯಾವಾಗಲೂ 9. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ.

ಎಂಟೂ ವಾಲ್ವುಗಳ ಗ್ಯಾಪ್ ಒಂದೇ ಸಮ ಇಳಿದಿದ್ದರೆ ಅದು ಸೀಟಿನ ದೋಷವಲ್ಲ. ಹೆಡ್ ಗ್ಯಾಸ್ಕೆಟ್ ಅಮುಕಿಕೊಂಡಿದೆ, ಇಲ್ಲವೇ ಯಾರೋ ಹೆಡ್ ನಟ್ ಮತ್ತೆ ಬಿಗಿದಿದ್ದಾರೆ. ಇನ್‌ಲೆಟ್ ನಾಲ್ಕೂ ಹಾಗೇ ಇದ್ದು ಎಕ್ಸಾಸ್ಟ್ ಮಾತ್ರ ಇಳಿದಿದ್ದರೆ ಅದು ಸೀಟ್.

ಸ್ಪಾರ್ಕ್‌ಮೇಷ್ಟ್ರು:

ನಾಕಿಂಗ್ ಬೇರೆ ಕಾಯಿಲೆ, ಸೀಟ್ ಬೇರೆ ಕಾಯಿಲೆ. ಆದರೆ ಒಂದರ ಔಷಧಿ ಇನ್ನೊಂದನ್ನು ಕೆರಳಿಸುತ್ತದೆ, ಅದಕ್ಕೇ ಎಚ್ಚರ ಬೇಕು.

ಈ ಎಂಜಿನ್ ರೂಪಿಸಿದ ಕಾಲದ ಒಳ್ಳೆಯ ಸೀಸದ ಪೆಟ್ರೋಲ್ 97 ಆರ್‌ಒಎನ್ ಆಸುಪಾಸಿನದು. 8.5ರ ಕಂಪ್ರೆಷನ್ 95ರಲ್ಲಿ ನಡೆಯುತ್ತದೆ, ಟೈಮಿಂಗ್ (ಸ್ಪಾರ್ಕ್ ಬೀಳುವ ಕ್ಷಣ) ಸ್ವಲ್ಪ ಹಿಂದೆ, ಅಂದರೆ ತಡವಾಗುವಂತೆ, ಸರಿಸಬೇಕಾಗಬಹುದು, ಅಷ್ಟೇ. ಅಂದಹಾಗೆ, ಪಂಪಿನ ಮೇಲಿನ ಸಂಖ್ಯೆ ಯಾವ ಅಳತೆಯದು ಎಂದು ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಆರ್‌ಒಎನ್ ಮತ್ತು ಎಂಒಎನ್ (ಇನ್ನೂ ಕಠಿಣ ಪರೀಕ್ಷೆಯ ಆಕ್ಟೇನ್ ಅಳತೆ) ಎರಡರ ಸರಾಸರಿ ಬರೆಯುತ್ತಾರೆ. ಅಲ್ಲಿಯ 91 ಎಂದರೆ ಹೆಚ್ಚುಕಡಿಮೆ ಇಲ್ಲಿ ಹೇಳುತ್ತಿರುವ 95.

ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ.ಗೆ ತನ್ನಿ. ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ತಿರುವುಮುರುವು ಆಗಬಾರದು. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಬುಷ್ ಸವೆದು ಶಾಫ್ಟ್ ಆಡುತ್ತಿದ್ದರೆ ಒಂದು ಸಿಲಿಂಡರಿಗೆ ಬೇಗ, ಇನ್ನೊಂದಕ್ಕೆ ತಡವಾಗಿ ಸ್ಪಾರ್ಕ್ ಬೀಳುತ್ತದೆ. ಆಗ ಎಷ್ಟು ಹೊಂದಿಸಿದರೂ ನಾಕಿಂಗ್ ನಿಲ್ಲದು. ಒಳಗಿನ ತೂಕಗಳ ಸ್ಪ್ರಿಂಗ್ ಸಡಿಲಾಗಿದ್ದರೂ ಕಡಿಮೆ ವೇಗದಲ್ಲೇ ಅಡ್ವಾನ್ಸ್ (ಸ್ಪಾರ್ಕ್ ಬೇಗ ಬೀಳುವುದು) ಪೂರ್ತಿ ಬಂದುಬಿಡುತ್ತದೆ; ಏರಿನಲ್ಲಿ ಬರುವ ಸದ್ದಿಗೆ ಬಹಳ ಸಲ ಇದೇ ಕಾರಣ, ಪೆಟ್ರೋಲ್ ಅಲ್ಲ.

ಇವು ಸರಿಯಿದ್ದರೆ, ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಲ್ಲಿ ಮ್ಯಾನ್ಯುಯಲ್ ಹೇಳಿದ ಅಂಕಿಗೆ ತನ್ನಿ. ಪೈಪ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಟಾಪ್ ಗೇರಿನಲ್ಲಿ ಗಂಟೆಗೆ 50 ಕಿ.ಮೀ.ನಿಂದ ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ. ಸದ್ದು ಬಂದರೆ ಒಂದು ಡಿಗ್ರಿ ಹಿಂದಕ್ಕೆ, ಮತ್ತೆ ಓಡಿಸಿ ನೋಡುವುದು, ಬೇಕಾದರೆ ಇನ್ನೊಂದು ಡಿಗ್ರಿ. ಡಿಸ್ಟ್ರಿಬ್ಯೂಟರ್ ಬದಿಯ ಗರಗಸದಂಚಿನ ಪುಟ್ಟ ನಟ್ ಇರುವುದು ಇದಕ್ಕೇ. ಸದ್ದು ಹೋದ ಜಾಗದಲ್ಲಿ ನಿಲ್ಲಿಸಿ. ಒಟ್ಟು 4 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಹೋಗಬೇಕಾಗಿ ಬಂದರೆ ಅಲ್ಲಿ ಬೇರೇನೋ ಇದೆ: ಪಿಸ್ಟನ್ ಮೇಲೆ ಕಾರ್ಬನ್ ಕಟ್ಟಿರಬಹುದು, ಮಿಶ್ರಣ ಪೆಟ್ರೋಲ್ ಸಾಲದೆ ತೆಳುವಾಗಿರಬಹುದು, ಬಿಸಿ ಜಾತಿಯ ಪ್ಲಗ್ ಹಾಕಿರಬಹುದು, ಅಥವಾ ಹೆಡ್ ಹಿಂದೆ ಯಾವಾಗಲೋ ಹೆಚ್ಚು ಉಜ್ಜಿಸಿಕೊಂಡು ಕಂಪ್ರೆಷನ್ ಏರಿರಬಹುದು.

ಟೈಮಿಂಗ್ ಅತಿಯಾಗಿ ಹಿಂದಿಟ್ಟರೆ ಮಿಶ್ರಣ ತಡವಾಗಿ ಉರಿದು ಬೆಂಕಿ ಎಕ್ಸಾಸ್ಟ್ ವಾಲ್ವ್ ದಾಟಿ ಹೋಗುತ್ತದೆ. ವಾಲ್ವೂ ಸೀಟೂ ಇನ್ನಷ್ಟು ಕಾಯುತ್ತವೆ. ನಾಕಿಂಗ್ ಗುಣಪಡಿಸಲು ಹೋಗಿ ಸೀಟನ್ನು ಬೇಗ ತಿನ್ನಿಸಿದಂತಾಗುತ್ತದೆ. 97 ಅಥವಾ 98ರ ಪೆಟ್ರೋಲ್ ಸಿಗುವ ಹಾಗಿದ್ದರೆ ಅದನ್ನು ಹಾಕಿ ಟೈಮಿಂಗ್ ಸರಿಯಾದ ಜಾಗದಲ್ಲೇ ಇಡುವುದು ಉತ್ತಮ.

ಇನ್ನೊಂದು ಮಾತು. ಕಡಿಮೆ ವೇಗದ ನಾಕಿಂಗ್ ಕಿವಿಗೆ ಬೀಳುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಎಂಜಿನ್ ಗದ್ದಲದ ನಡುವೆ ಅದು ಕೇಳಿಸುವುದೇ ಇಲ್ಲ, ಪಿಸ್ಟನ್ನಿನ ರಿಂಗ್ ನಡುವಿನ ದಂಡೆ ಒಡೆಯುವುದು ಅಲ್ಲಿಯೇ.

ಹಳೇಚಕ್ರ:

ಹಿಂದಿನ ಸಲ ಎಲ್ಲವನ್ನೂ 0.30ಕ್ಕೆ ಇಟ್ಟು ಇಲ್ಲಿಗೆ 1,500 ಕಿ.ಮೀ. ಆಗಿದೆ. ಇವತ್ತು ಬೆಳಗ್ಗೆ ತಣ್ಣಗಿರುವಾಗ ಅಳೆದೆ. ಇನ್‌ಲೆಟ್ ನಾಲ್ಕೂ 0.30. ಎಕ್ಸಾಸ್ಟ್ 1ರಲ್ಲಿ 0.28, 4ರಲ್ಲಿ 0.22, 5ರಲ್ಲಿ 0.20, 8ರಲ್ಲಿ 0.28. ಡಿಸ್ಟ್ರಿಬ್ಯೂಟರ್ ಶಾಫ್ಟ್ ಬಿಗಿಯಾಗಿದೆ. ಪ್ಲಗ್ಗುಗಳ ತುದಿ ಬೆಳ್ಳಗಿದೆ.

ಟ್ಯಾಪೆಟ್‌ಲೆಕ್ಕ:

ಅಳತೆಯೇ ಉತ್ತರ ಹೇಳಿದೆ. 1 ಮತ್ತು 8ರಲ್ಲಿ ಇಳಿದದ್ದು 0.02, ಅದು ಫೀಲರ್ ಹಿಡಿಯುವ ಕೈಯ ವ್ಯತ್ಯಾಸವೂ ಆಗಿರಬಹುದು. 4 ಮತ್ತು 5 ನಿಜವಾಗಿ ತಿನ್ನುತ್ತಿವೆ. ಎ-ಸೀರೀಸ್ ಹೆಡ್‌ನಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ಹೊಗೆ ನಡುವಿನ ಒಂದೇ ಪೋರ್ಟಿನಲ್ಲಿ ಹೊರಬರುತ್ತದೆ. ಆ ಎರಡು ವಾಲ್ವುಗಳು ಅಕ್ಕಪಕ್ಕ ಕೂತು ಒಂದನ್ನೊಂದು ಕಾಯಿಸುತ್ತವೆ. ಈ ಎಂಜಿನ್ನಿನಲ್ಲಿ ತಿನ್ನುವುದು ಅಲ್ಲಿಂದಲೇ ಶುರು.

ಮೊದಲ ಕೆಲಸ, ಇವತ್ತೇ ಗ್ಯಾಪ್ ಮತ್ತೆ 0.30ಕ್ಕೆ ತಂದಿಡಿ. ಗ್ಯಾಪ್ ಸೊನ್ನೆಯಾದ ದಿನ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಚ್ಚದ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾರದು, ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ಸುಟ್ಟು ಹೋಗುತ್ತದೆ. ಸೀಟ್ ತಿನ್ನುವುದು ನಿಧಾನದ ಕೆಲಸ, ವಾಲ್ವ್ ಸುಡುವುದು ಬಹಳ ಬೇಗ.

ಆದರೂ ನಾಳೆಯೇ ಹೆಡ್ ಇಳಿಸಬೇಕೆಂದಿಲ್ಲ. ತಿನ್ನುವ ವೇಗ ಎಂಜಿನ್ ಮೇಲಿನ ಭಾರಕ್ಕೆ ತಕ್ಕಂತೆ ಏರುತ್ತದೆ. ಮೈನರಿನಲ್ಲಿ ಗಂಟೆಗೆ 80–90 ಕಿ.ಮೀ. ಎಂದರೆ ಎಂಜಿನ್ 3,500 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಕೆಳಗೆ ಹಗುರವಾಗಿ ಓಡಿಸಿದರೆ ಸೀಟ್ ಬಹಳ ಕಾಲ ತಡೆಯುತ್ತದೆ, ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಎಳೆಸಿದರೆ ತಡೆಯದು. ಹಿಂದೆ ಸೀಸದ ಪೆಟ್ರೋಲಿನಲ್ಲಿ ಓಡಿದ ಹೆಡ್‌ನಲ್ಲಿ ಹಳೆಯ ಪದರ ಸ್ವಲ್ಪ ಕಾಲ ಉಳಿದು ಕಾಪಾಡುತ್ತದೆ ಎನ್ನುವುದು ನಿಜ. ಅದಕ್ಕೇ, ಕಾರಣವಿಲ್ಲದೆ ಹೆಡ್ ಇಳಿಸಿ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಬೇಡಿ. ಉಜ್ಜಿದರೆ ಆ ಪದರವೇ ಹೋಗುತ್ತದೆ, ಆಮೇಲೆ ತಿನ್ನುವುದು ಮೊದಲಿಗಿಂತ ಜೋರಾಗುತ್ತದೆ.

ಈಗ ಸೀಸದ ಬದಲಿ ಹಾಕಲು ಶುರುಮಾಡಿ. ಪೊಟ್ಯಾಸಿಯಂ, ರಂಜಕ, ಮ್ಯಾಂಗನೀಸ್, ಸೋಡಿಯಂ, ಈ ನಾಲ್ಕರಲ್ಲಿ ಒಂದನ್ನು ಆಧರಿಸಿದವು ನಿಜವಾಗಿ ಕೆಲಸ ಮಾಡುವಂಥವು. ಸೀಸದ ಹಾಗೆಯೇ ಸೀಟಿನ ಮೇಲೆ ಪದರ ಕಟ್ಟುತ್ತವೆ. ಒಂದು ಜಾತಿಯದನ್ನು ಹಿಡಿದರೆ ಅದರಲ್ಲೇ ಇರಿ, ಬೇರೆ ಜಾತಿಯದನ್ನು ಬೆರೆಸಬೇಡಿ. ಬಾಟಲಿಯ ಮೇಲಿನ ಅಳತೆಗಿಂತ ಹೆಚ್ಚು ಹಾಕಿದರೆ ಪ್ಲಗ್ ಮೇಲೆ ಕಿಟ್ಟ ಕಟ್ಟುತ್ತದೆ, ಕಡಿಮೆ ಹಾಕಿದರೆ ಪದರ ನಿಲ್ಲದು. ಟ್ಯಾಂಕಿಗೆ ಮೊದಲು ಬದಲಿ, ಅದರ ಮೇಲೆ ಪೆಟ್ರೋಲ್. ಹಾಗಾದರೆ ತಾನೇ ಬೆರೆಯುತ್ತದೆ. ಮ್ಯಾಂಗನೀಸ್ ಇದ್ದರೆ ಪ್ಲಗ್ ತುದಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಆದರೆ ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಅಳೆಯುವುದು ಆಮೇಲೆ ಆಗದು.

ಟ್ಯಾಂಕಿನೊಳಗೆ ಬಿಡುವ ತವರದ ಗುಂಡು, ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಇವುಗಳ ಮೇಲೆ ಹಣ ಹಾಕಬೇಡಿ. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವುದೂ ಸೀಟನ್ನು ಉಳಿಸುವುದಿಲ್ಲ, ಮೇಲಾಗಿ ಆಕ್ಟೇನ್ ಇಳಿಸುತ್ತದೆ. ಎಂಜಿನ್ ಆಯಿಲಿನ ಸತುವಿನ ಮಾತೂ ಇಲ್ಲಿ ಬೆರೆಯಬಾರದು, ಅದು ಕ್ಯಾಮ್ ಮತ್ತು ಟ್ಯಾಪೆಟ್‌ಗಾಗಿ.

1,000 ಕಿ.ಮೀ. ಆದ ಮೇಲೆ ಮತ್ತೆ ಅಳೆದು ಬರೆದಿಡಿ. 4 ಮತ್ತು 5 ಆಗಲೂ 0.05ಕ್ಕಿಂತ ಹೆಚ್ಚು ಇಳಿದಿದ್ದರೆ ಹೆಡ್ ಇಳಿಸುವ ಕಾಲ ಬಂತು.

ಲೇತ್‌ಮನೆ:

ಹೆಡ್ ಇಳಿದಾಗ ಏನು ಹೇಳಿ ಮಾಡಿಸಬೇಕು ಎಂಬುದಷ್ಟನ್ನು ಬರೆಯುತ್ತೇನೆ, ಏಕೆಂದರೆ ಸೀಟ್ ಕೂರಿಸಿದ ರೀತಿ ಕೆಟ್ಟರೆ ರಿಂಗ್ ಕಳಚಿ ಪಿಸ್ಟನ್ ಒಡೆಯುತ್ತದೆ.

ಮೊದಲು ಹೆಡ್ ತೊಳೆಸಿ ಬಿರುಕಿನ ಪರೀಕ್ಷೆ. ವಾಲ್ವ್‌ಗಳ ನಡುವಿನ ಸಣ್ಣ ಸೇತುವೆಯಲ್ಲಿ ಬಿರುಕಿದ್ದರೆ ಸೀಟಿನ ಖರ್ಚು ಅಲ್ಲಿ ಹಾಕಬೇಡಿ. ಆಮೇಲೆ ಗೈಡ್, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆ. ಸೀಟ್ ಕೊರೆಯುವ ಉಪಕರಣ ಗೈಡಿನ ತೂತನ್ನೇ ಆಧಾರ ಮಾಡಿಕೊಳ್ಳುತ್ತದೆ, ಆದ್ದರಿಂದ ಸವೆದ ಗೈಡ್ ಬದಲಿಸದೆ ಸೀಟ್ ಹಾಕಿದರೆ ಸೀಟ್ ಓರೆಯಾಗಿ ಕೂರುತ್ತದೆ. ಗೈಡ್ ಮೊದಲು, ಸೀಟ್ ನಂತರ.

ರಿಂಗ್ ಹೆಚ್ಚು ಕ್ರೋಮಿಯಂ ಇರುವ ಮಿಶ್ರಲೋಹದ ಎರಕ ಅಥವಾ ಪುಡಿ ಒತ್ತಿ ಕಾಯಿಸಿದ ಲೋಹದ್ದಾಗಿರಲಿ. ಹೆಡ್‌ನ ತೂತಿಗಿಂತ ರಿಂಗ್ 0.08ರಿಂದ 0.12 ಮಿ.ಮೀ. ದೊಡ್ಡದಿರಬೇಕು. ಹೆಡ್ ಬಿಸಿ ಮಾಡಿ, ರಿಂಗ್ ತಣ್ಣಗೆ ಮಾಡಿ ಇಳಿಸುತ್ತಾರೆ. ಇಳಿದ ರಿಂಗ್ ತೂತಿನ ತಳಕ್ಕೆ ಪೂರ್ತಿ ಕೂತಿರಬೇಕು. ತಳದಲ್ಲಿ ಸಂದಿ ಉಳಿದರೆ ಬಿಸಿ ದಾಟದು, ರಿಂಗ್ ಕಾದು ಸಡಿಲಾಗುತ್ತದೆ. ಎ-ಸೀರೀಸ್ ಹೆಡ್‌ನಲ್ಲಿ ಸೀಟಿನ ಹಿಂದಿನ ಗೋಡೆ ತೆಳು, ಸ್ವಲ್ಪ ಆಳ ಹೆಚ್ಚಾದರೂ ನೀರಿನ ಕೋಣೆಗೆ ತೂತು ಬೀಳುತ್ತದೆ. ಹಾಗಾಗಿ ಈ ಹೆಡ್ ಮಾಡಿ ಅಭ್ಯಾಸವಿರುವ ಕೈಗೇ ಕೊಡಿ, ಮುಗಿದ ಮೇಲೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ.

ಎಕ್ಸಾಸ್ಟ್ ನಾಲ್ಕಕ್ಕೆ ಮಾತ್ರ ಸಾಕು, ಇನ್‌ಲೆಟ್ ಮುಟ್ಟಬೇಡಿ. ಜೊತೆಗೆ ಎಕ್ಸಾಸ್ಟ್ ವಾಲ್ವುಗಳೂ ಹೊಸದಾಗಲಿ, 21-4ಎನ್ ಜಾತಿಯ ಉಕ್ಕಿನವು. ಗಟ್ಟಿ ಸೀಟಿನ ಮೇಲೆ ಹಳೆಯ ಮೆತ್ತನೆಯ ವಾಲ್ವ್ ಕೂರಿಸಿದರೆ ಈ ಸಲ ಸವೆಯುವುದು ವಾಲ್ವ್. ಕೋನ 45 ಡಿಗ್ರಿ, ತಾಗುವ ಪಟ್ಟಿಯ ಅಗಲ 1.5 ಮಿ.ಮೀ. ಸುಮಾರು. ಅದಕ್ಕಿಂತ ಕಿರಿದಾದರೆ ವಾಲ್ವಿನ ಬಿಸಿ ಹೆಡ್‌ಗೆ ಇಳಿಯದು. ಜೋಡಿಸಿದ ಮೇಲೆ ಹೆಡ್ ಬೋರಲು ಹಾಕಿ, ಪ್ಲಗ್ ಕೂರಿಸಿ, ಕೋಣೆಗಳಿಗೆ ಸೀಮೆಎಣ್ಣೆ ತುಂಬಿ ಐದು ನಿಮಿಷ ಬಿಡಿ. ಪೋರ್ಟಿನಲ್ಲಿ ಒದ್ದೆ ಕಂಡರೆ ಆ ವಾಲ್ವ್ ಇನ್ನೂ ಕೂತಿಲ್ಲ.

ಹೆಡ್ ನಟ್ 54 ನ್ಯೂಟನ್ ಮೀಟರ್, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ. ಸ್ವಲ್ಪ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಬಿಗಿದು ಟ್ಯಾಪೆಟ್ ಮತ್ತೆ ಹೊಂದಿಸಬೇಕು. ಇದಾದ ಮೇಲೆ ಸೀಸದ ಬದಲಿ ಬೇಡವೇ ಬೇಡ.

ಫ್ಲೋಟ್‌ಚೇಂಬರ್:

ನನ್ನ ಪ್ರಕಾರ ಈ ಗಾಡಿಯ ತುರ್ತು ಸೀಸವಲ್ಲ, ಎಥನಾಲ್. ಪ್ಲಗ್ ತುದಿ ಬೆಳ್ಳಗಿದೆ ಎಂದಿದ್ದೀರಿ, ಅದು ಮಿಶ್ರಣ ತೆಳುವಾಗಿದೆ ಎಂಬುದರ ಗುರುತು. ನಾಕಿಂಗಿಗೂ, 4 ಮತ್ತು 5 ಅಷ್ಟು ಬೇಗ ತಿನ್ನುವುದಕ್ಕೂ ಅದರ ಪಾಲಿದೆ.

ಎಥನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ10ಕ್ಕೆ 14.1 ಸಾಕು. ಇ20 ಆದರೆ 13.5ರ ಹತ್ತಿರ. ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ, ಅದು ಹಳೆಯ ಅಳತೆಯಲ್ಲೇ ಬಿಡುತ್ತದೆ. ಆಗ ಮಿಶ್ರಣ ಸುಮಾರು 4 ಶೇಕಡಾ ತೆಳುವಾಗುತ್ತದೆ. ಸ್ವಲ್ಪ ದಪ್ಪ ಮಿಶ್ರಣದಲ್ಲಿ ತಂಪಾಗಿ ಓಡುವಂತೆ ಹೊಂದಿಸಿದ್ದ ಎಂಜಿನ್ ಹೀಗೆ ಎಕ್ಸಾಸ್ಟ್ ಅತಿ ಬಿಸಿಯಾಗುವ ಜಾಗಕ್ಕೆ ಸರಿಯುತ್ತದೆ.

ಎಚ್‌ಎಸ್2ರಲ್ಲಿ ಸರಿಪಡಿಸುವುದು ಸುಲಭ. ಎಂಜಿನ್ ಬಿಸಿಯಿರಲಿ, ಚೋಕ್ ಪೂರ್ತಿ ಒಳಗಿರಲಿ. ಪಿಸ್ಟನ್ ಎತ್ತುವ ಪಿನ್ನಿನಿಂದ ಕಾರ್ಬುರೇಟರಿನ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಮಾತ್ರ ಎತ್ತಿ. ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ, ಕುಸಿದರೆ ಕಡಿಮೆ. ಕಡಿಮೆಯಿದ್ದರೆ ಕೆಳಗಿನ ಜೆಟ್ ನಟ್ಟನ್ನು ಆರು ಮುಖಗಳಲ್ಲಿ ಒಂದು ಮುಖದಷ್ಟು ಮಾತ್ರ ಕೆಳಗೆ ಇಳಿಸಿ ಮತ್ತೆ ನೋಡಿ. ಡ್ಯಾಷ್‌ಪಾಟಿನಲ್ಲಿ (ಆ ಪಿಸ್ಟನ್ನಿನ ಮೇಲಿನ ಆಯಿಲ್ ಕೊಳವೆ) ಆಯಿಲ್ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಪಿಕಪ್ಪಿನಲ್ಲಿ ತೆಳು ಮಿಶ್ರಣ ಬರುತ್ತದೆ. ಐಡ್ಲಿನಲ್ಲಿ ಸರಿಯಾಗಿ, ವೇಗದಲ್ಲಿ ಇನ್ನೂ ತೆಳುವಾಗಿದ್ದರೆ ಒಂದು ಹಂತ ಹೆಚ್ಚು ಪೆಟ್ರೋಲ್ ಬಿಡುವ ನೀಡಲ್ ಹಾಕಬೇಕು. ನನ್ನ ಸಲಹೆ: ಮಿಶ್ರಣ ಸರಿಮಾಡಿದ ಮೇಲೆಯೇ ಟೈಮಿಂಗ್ ಮುಟ್ಟಿ, ಬಹುಶಃ ಹಿಂದಕ್ಕೆ ಸರಿಸುವ ಅಗತ್ಯವೇ ಬೀಳದು.

ಇನ್ನು ಬಿಸಿಯಲ್ಲಿ ಸ್ಟಾರ್ಟ್ ಆಗದ ವಿಷಯ. ಎ-ಸೀರೀಸ್‌ನಲ್ಲಿ ಕಾರ್ಬುರೇಟರ್ ಇರುವ ಕಡೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಮೈನರಿನ ಎಸ್‌ಯು ಪಂಪ್ ಎಂಜಿನ್ ಕೋಣೆಯಲ್ಲೇ ಕೂತು ಹಿಂದಿನ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಈಗಿನ ಪೆಟ್ರೋಲ್ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಪಂಪಿನ ಟಿಕ್ ಟಿಕ್ ಸದ್ದು ಕೇಳಿ. ಇಗ್ನಿಷನ್ ಹಾಕಿದಾಗ ನಾಲ್ಕಾರು ಟಿಕ್ ಆಗಿ ನಿಂತರೆ ಫ್ಲೋಟ್ ಕೋಣೆ ತುಂಬಿದೆ. ತೊಂದರೆ ಏನೆಂದರೆ ಅಲ್ಲಿ ಕುದಿದ ಪೆಟ್ರೋಲ್ ಮ್ಯಾನಿಫೋಲ್ಡಿಗೆ ಉಕ್ಕಿ ಎಂಜಿನ್ ಮುಳುಗಿದೆ. ಚೋಕ್ ಎಳೆಯದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಟಿಕ್ ನಿಲ್ಲದೆ ಬೇಗಬೇಗ ಹೊಡೆಯುತ್ತಲೇ ಇದ್ದರೆ ಪಂಪ್ ಪೆಟ್ರೋಲಿನ ಬದಲು ಆವಿ ಎಳೆಯುತ್ತಿದೆ.

ಮೊದಲನೆಯದಕ್ಕೆ ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ 6ರಿಂದ 10 ಮಿ.ಮೀ. ದಪ್ಪದ ಫೀನಾಲಿಕ್ (ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್) ಸ್ಪೇಸರ್, ಎರಡೂ ಬದಿ ಗ್ಯಾಸ್ಕೆಟ್, ಕೆಳಗೆ ಶಾಖ ತಡೆಯುವ ತಗಡು. ಸ್ಟಡ್ ಉದ್ದ ಸಾಕೇ, ಆಕ್ಸಿಲರೇಟರ್ ಕೇಬಲ್ ಎಟುಕುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎರಡನೆಯದಕ್ಕೆ ಪಂಪಿಗೆ ಬರುವ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ. ಸಾಲದಿದ್ದರೆ ಕಡಿಮೆ ಒತ್ತಡದ ಪಂಪ್ ಟ್ಯಾಂಕಿನ ಬಳಿ. ಒತ್ತಡ ಹೆಚ್ಚಿರುವ ಪಂಪ್ ಹಾಕಿದರೆ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತದೆ.

ರಬ್ಬರ್ ಭಾಗಗಳನ್ನು ಮಾತ್ರ ಮುಂದಕ್ಕೆ ಹಾಕಬೇಡಿ, ಅದು ಬೆಂಕಿಯ ಪ್ರಶ್ನೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ, ಆಮೇಲೆ ಒಣಗಿದಾಗ ಬಿರಿಸುತ್ತದೆ. ಹೋಸ್ ಪೂರ್ತಿ ಬದಲಿಸಿ, ಒಳಪದರ ಫ್ಲೋರೋ ರಬ್ಬರಿನದಾಗಿರಲಿ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಅಚ್ಚಿರುತ್ತದೆ. ಬಟ್ಟೆ ಹೆಣೆದ ಹೋಸ್ ನೋಡಲು ಚೆಂದ, ಆದರೆ ಒಳಗಿನ ಬಿರುಕು ಕಾಣಿಸುವುದಿಲ್ಲ. ಪಂಪಿನ ಡಯಾಫ್ರಮ್, ಜೆಟ್ಟಿಗೆ ಪೆಟ್ರೋಲ್ ತರುವ ಸಣ್ಣ ಟ್ಯೂಬಿನ ರಬ್ಬರ್ ಬುಷ್, ನೀಡಲ್ ವಾಲ್ವಿನ ತುದಿ, ಫ್ಲೋಟ್ ಮುಚ್ಚಳದ ಗ್ಯಾಸ್ಕೆಟ್, ಕಾರ್ಕ್ ಇದ್ದಲ್ಲೆಲ್ಲ ಅದು, ಎಲ್ಲವೂ ಎಥನಾಲ್ ತಡೆಯುವಂಥದ್ದಾಗಬೇಕು. ಎಥನಾಲ್ ಟ್ಯಾಂಕಿನ ಗೋಡೆಯ ಹಳೆಯ ಗೋಂದನ್ನು ಕರಗಿಸಿ, ತುಕ್ಕನ್ನು ಸಡಿಲಿಸಿ ತರುವುದರಿಂದ ಮೊದಲ ಎರಡು ಟ್ಯಾಂಕ್ ಮುಗಿಯುವವರೆಗೆ ಫಿಲ್ಟರ್ ಬೇಗಬೇಗ ಕಟ್ಟುತ್ತದೆ. ಒಂದು ಹೆಚ್ಚುವರಿ ಫಿಲ್ಟರ್ ಗಾಡಿಯಲ್ಲೇ ಇಟ್ಟುಕೊಳ್ಳಿ.

ಹಳೇಚಕ್ರ:

ನೆತ್ತಿಯ ಮೇಲಿನ ಭಾರ ಇಳಿಯಿತು. ಹೋಸ್ ಮತ್ತು ಪಂಪ್ ಕಿಟ್ ಮೊದಲು, ಆಮೇಲೆ ಮಿಶ್ರಣ, ಆಮೇಲೆ ಟೈಮಿಂಗ್, ಜೊತೆಗೆ ಬದಲಿ. ಇನ್ನೆರಡು ಪ್ರಶ್ನೆ. ಸಣ್ಣ ವಿಮಾನಗಳ ಸೀಸದ ಪೆಟ್ರೋಲ್ ಸ್ವಲ್ಪ ಬೆರೆಸಬಹುದೇ? ಮೂರು ತಿಂಗಳು ಗಾಡಿ ನಿಂತರೆ ಟ್ಯಾಂಕ್ ಹೇಗಿಡಬೇಕು?

ಫ್ಲೋಟ್‌ಚೇಂಬರ್:

ವಿಮಾನದ 100ಎಲ್‌ಎಲ್‌ನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರುತ್ತದೆ. ರಸ್ತೆಯ ಗಾಡಿಗೆ ಅದನ್ನು ಹಾಕುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ರಸ್ತೆಯ ಗಾಡಿಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ಕೂಡ 2021ರಲ್ಲಿ ನಿಲ್ಲಿಸಿದೆ. ಮಕ್ಕಳ ಮಿದುಳಿಗೆ ಹಾನಿ ಮಾಡುವ ವಿಷ ಅದು. ಬದಲಿ ಇರುವಾಗ ಅದರ ಸಹವಾಸ ಬೇಡ.

ನಿಲ್ಲಿಸುವುದಾದರೆ, ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಕತ್ತಿನವರೆಗೆ ತುಂಬಿಸಿ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವದ ಗಾಳಿ ಕಡಿಮೆ. ಇ10 ಪೆಟ್ರೋಲ್ ನೂರು ಪಾಲಿನಲ್ಲಿ ಸುಮಾರು ಅರ್ಧ ಪಾಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ತಳದ್ದು ಟ್ಯಾಂಕನ್ನು ತುಕ್ಕು ಹಿಡಿಸುತ್ತದೆ, ಮೇಲುಳಿದದ್ದರ ಆಕ್ಟೇನ್ ಇಳಿದಿರುತ್ತದೆ. ಹಾಗೆ ಬೇರೆಯಾದದ್ದನ್ನು ಅಲುಗಾಡಿಸಿ ಮತ್ತೆ ಬೆರೆಸಲಾಗದು, ಪೂರ್ತಿ ತೆಗೆದುಬಿಡಬೇಕು. ನಿಲ್ಲಿಸುವ ದಿನ ಪಂಪಿನ ವೈರ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಫ್ಲೋಟ್ ಕೋಣೆ ಖಾಲಿಯಾಗಲಿ. ಮೂರು ತಿಂಗಳ ನಂತರ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ. ಎರಡು ಪದರವಾಗಿ ಕಂಡರೆ ಆ ಪೆಟ್ರೋಲ್ ಎಂಜಿನ್ನಿಗೆ ಹೋಗಬಾರದು.